ಅಚ್ಚು ತೋರಿಸು, ಗಾಲಿ ತಾನಾಗಿ ಕೂರುತ್ತದೆ

ತಾಯೀ,

ಮಸರಕಲ್ಲಿನ ಶಾಲೆಯ ನಿನ್ನ ಮಕ್ಕಳು ತೆಗೆದ ಚಿತ್ರಗಳ ಕಟ್ಟು ಮುಟ್ಟಿತು. ಒಂದೊಂದನ್ನೂ ಬಿಡಿಸಿ ಬೆಳಕಿಗೆ ಹಿಡಿದು ನೋಡಿದೆ. ಟ್ರ್ಯಾಕ್ಟರುಗಳೇ ಹೆಚ್ಚು. ಆಮೇಲೆ ಟಂಟಂ, ರಾಯಚೂರಿನ ಬಸ್ಸು, ಹತ್ತಿ ಹೇರಿದ ಲಾರಿ, ಎತ್ತಿನ ಬಂಡಿ. ‘ಎಲ್ಲರ ಗಾಲೀನೂ ಸೊಟ್ಟ ಬಂದಾವ ಸರ್, ಏನಂತ ಬರದು ವಾಪಸ್ ಕೊಡ್ಲಿ?’ ಎಂದು ಕೇಳಿದ್ದೀ.

ಮೊದಲು ‘ಸೊಟ್ಟ’ ಅನ್ನುವ ಮಾತನ್ನು ಬಿಡು. ಗಾಲಿ ಸೊಟ್ಟ ಬಂದಿದೆ ಅನ್ನುವುದು ತೆಗೆದ ಹುಡುಗನಿಗೇ ಎಲ್ಲರಿಗಿಂತ ಮೊದಲು ಗೊತ್ತಾಗಿರುತ್ತದೆ. ಅವನ ಹಾಳೆ ನೋಡು, ಗಾಲಿ ಇರುವ ಕಡೆಯೇ ರಬ್ಬರ್ ಉಜ್ಜಿ ಉಜ್ಜಿ ಕಾಗದ ತೆಳುವಾಗಿದೆ. ಯಾಕೆ ಸೊಟ್ಟ ಬಂತು ಅನ್ನುವುದಷ್ಟೇ ಅವನಿಗೆ ತಿಳಿಯದು. ಗುರು ಅನ್ನಿಸಿಕೊಂಡವರು ಹೇಳಬೇಕಾದದ್ದು ಅದನ್ನೇ. ಅದನ್ನು ಹೇಳಬೇಕಾದರೆ ಮಗು ಏನು ತೋರಿಸಲು ಹೊರಟಿತ್ತು, ಎಲ್ಲಿ ನಿಂತು ನೋಡಿತ್ತು ಎಂಬುದು ನಮಗೆ ಗೊತ್ತಿರಬೇಕು.

ಇದಕ್ಕೊಂದು ಉದಾಹರಣೆ ಬೇಕಾದರೆ, ರಾಯಚೂರಿಗೆ ಹೋದಾಗ ಮಕ್ಕಳನ್ನು ಕೋಟೆಗೆ ಕರೆದೊಯ್ಯಿ. ಪಶ್ಚಿಮದ ಗೋಡೆಯಲ್ಲಿ 40 ಅಡಿ ಮೀರಿದ ಒಂದೇ ಕಲ್ಲಿನ ಹಾಸು ಇದೆ. ಅದರ ಮೇಲಿನ ತೆಲುಗು ಶಾಸನ 1294ರದು, ಕಾಕತೀಯರ ಕಾಲದ್ದು. ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ನೀನು ಮಕ್ಕಳಿಗೆ ತೋರಿಸಬೇಕಾದದ್ದು ಶಾಸನದ ಪಕ್ಕದ ಗೆರೆಚಿತ್ರವನ್ನು. ಅಷ್ಟು ದೊಡ್ಡ ಕಲ್ಲನ್ನು ಹೇಗೆ ಸಾಗಿಸಿ ತಂದರು ಎಂಬುದನ್ನು ಕಲ್ಲುಕುಟಿಗ ಅಲ್ಲಿ ಕೊರೆದಿಟ್ಟಿದ್ದಾನೆ. ಅರೆಕಾಲುಗಳಿಲ್ಲದ ಗಟ್ಟಿ ಗಾಲಿಯ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಕೋಣಗಳ ಉದ್ದನೆಯ ಸಾಲು, ಹುರಿದುಂಬಿಸುವ ಆಳುಗಳು, ಹಿಂದೆ ಮರದ ಸನ್ನೆ ಹಾಕಿ ಗಾಲಿಯನ್ನು ಮುಂದೆ ನೂಕುವವರು. ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ಕಂಡ ಮಕ್ಕಳಿಗೆ ಈ ಚಿತ್ರ ಏನು ಹೇಳುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಚಿತ್ರದಲ್ಲಿ ದೂರದ್ದನ್ನು ಸಣ್ಣದಾಗಿ ತೋರಿಸುವ ಪರ್ಸ್‌ಪೆಕ್ಟಿವ್ ಇಲ್ಲ. ಎಲ್ಲವೂ ಬದಿಯಿಂದ ಕಂಡಂತೆ ಒಂದೇ ಸಾಲಿನಲ್ಲಿದೆ. ಇಟಲಿಯ ಫ್ಲಾರೆನ್ಸಿನಲ್ಲಿ ಬ್ರುನೆಲ್ಲೆಸ್ಕಿ ಪರ್ಸ್‌ಪೆಕ್ಟಿವ್ ಲೆಕ್ಕವನ್ನು ತೋರಿಸಿಕೊಟ್ಟದ್ದು, ಆಲ್ಬರ್ಟಿ ಅದನ್ನು 1435ರಲ್ಲಿ ಪುಸ್ತಕವಾಗಿ ಬರೆದದ್ದು, ಈ ಕಲ್ಲು ಗೋಡೆಗೆ ಕೂತು ನೂರು ವರ್ಷ ದಾಟಿದ ಮೇಲೆ. ಹಾಗಂತ ನಮ್ಮ ಕಲ್ಲುಕುಟಿಗ ತಪ್ಪು ತೆಗೆದ ಎಂದು ಹೇಳಲಾದೀತೇ? ಕಲ್ಲು ಹೇಗೆ ಬಂತು ಎಂದು ತಿಳಿಸುವುದು ಅವನ ಉದ್ದೇಶವಾಗಿತ್ತು, ಅದನ್ನು ಏಳುನೂರು ವರ್ಷದಾಚೆಯ ನಮಗೂ ತಿಳಿಸಿದ್ದಾನೆ.

ಈಗ ನಿನ್ನ ಕಟ್ಟಿನೊಳಗಿನ ಐದನೆಯ ಇಯತ್ತೆಯ ಹುಡುಗನ ಬಂಡಿ ತೆಗೆದು ನೋಡು. ಮೂಕಿ, ನೊಗ ಮೇಲಿನಿಂದ ಕಂಡಂತಿವೆ. ಎರಡು ಗಾಲಿಗಳು ಆಚೆಗೊಂದು ಈಚೆಗೊಂದು ಪೂರ್ತಿ ದುಂಡಗೆ ಮಲಗಿವೆ. ನೀನು ಅದರ ಮೇಲೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೀ. ನಾನು ಅರೆಕಾಲು ಎಣಿಸಿದೆ: ಒಂದೊಂದು ಗಾಲಿಗೂ ಹನ್ನೆರಡು. ಗುಂಬದ ಹೊರಗೆ ಕಡಾಣಿ ಸಹ ಇದೆ. ಈ ಹುಡುಗ ಬಂಡಿಯನ್ನು ಮುಟ್ಟಿ ತಿಳಿದವನು. ಮಕ್ಕಳು ಮೊದಲು ತಮಗೆ ಗೊತ್ತಿರುವುದನ್ನು ತೆಗೆಯುತ್ತಾರೆ, ಕಣ್ಣಿಗೆ ಕಾಣುವುದನ್ನು ತೆಗೆಯುವುದು ಆಮೇಲೆ ಎಂದು ಫ್ರಾನ್ಸಿನ ಲೂಕೆ 1927ರ ತನ್ನ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾನೆ. ಗಾಲಿ ದುಂಡಗಿದೆ ಎಂದು ಗೊತ್ತು, ಅದಕ್ಕೇ ದುಂಡಗೆ ತೆಗೆದಿದ್ದಾನೆ. ಓರೆಯಿಂದ ಕಂಡ ಗಾಲಿ ದೀರ್ಘವೃತ್ತವಾಗುತ್ತದೆ ಎಂಬ ಪಾಠ ಅವನಿಗೆ ಈಗ ಬೇಡ. ‘ಕಡಾಣಿ ಸುದ್ದಾ ಬಿಟ್ಟಿಲ್ಲಲ್ಲೋ, ಎಲ್ಲಿ ನೋಡಿದ್ದೀ?’ ಎಂದು ಕೇಳು. ಅವನು ಮಾತಾಡಲಿ. ಮುಂದೊಂದು ದಿನ ಅವನೇ ‘ಮೂಲ್ಯಾಗ ನಿಂತು ನೋಡಿದ್ರ ಹಿಂಗ ಕಾಣಂಗಿಲ್ರೀ’ ಎಂದು ಬರುತ್ತಾನೆ. ಆ ಪಾಠದ ಹೊತ್ತು ಅದು.

ಎಂಟು, ಒಂಬತ್ತನೆಯ ಇಯತ್ತೆಯವರ ಮಾತು ಬೇರೆ. ಅವರಲ್ಲಿ ಕೆಲವರು ಚಿತ್ರಕಲೆಯ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂರುವವರು. ಅವರಿಗೆ ತಾವು ತೆಗೆದ ಟ್ರ್ಯಾಕ್ಟರು ನಿಜದ ಟ್ರ್ಯಾಕ್ಟರಿನ ಹಾಗೇ ನಿಲ್ಲಬೇಕು. ನಿಲ್ಲುತ್ತಿಲ್ಲ ಎಂದು ಬೇಸರ. ಇವರಿಗೆ ಸ್ಪಷ್ಟವಾಗಿ ಹೇಳಬೇಕು, ಸುಮ್ಮನೆ ಬೆನ್ನು ತಟ್ಟಿದರೆ ಅದು ಅವರಿಗೆ ಮಾಡುವ ಅನ್ಯಾಯ.

ಅವರ ಹತ್ತು ಹಾಳೆಗಳಲ್ಲಿ ಎಂಟರಲ್ಲಿ ಇರುವುದು ಒಂದೇ ತಪ್ಪು. ಗಾಡಿಯ ಮೈಯನ್ನು ಮೂಲೆಯಿಂದ ಕಂಡಂತೆ ಓರೆಯಾಗಿ ತೆಗೆದಿದ್ದಾರೆ, ಗಾಲಿಯ ದೀರ್ಘವೃತ್ತವನ್ನು ಮಾತ್ರ ಮೊಟ್ಟೆ ನಿಲ್ಲಿಸಿದಂತೆ ನೆಟ್ಟಗೆ ನಿಲ್ಲಿಸಿದ್ದಾರೆ. ಅದಕ್ಕೇ ಗಾಲಿ ಗಾಡಿಗೆ ಸೇರಿದ್ದಲ್ಲ ಅನ್ನಿಸುತ್ತದೆ, ಅಪಘಾತವಾಗಿ ಅಚ್ಚು ಮುರಿದ ಗಾಡಿಯಂತೆ ಕಾಣುತ್ತದೆ. ಇಲ್ಲಿ ಗಾಲಿಯನ್ನು ತಿದ್ದಲು ಹೋಗಬೇಡ. ಅಚ್ಚನ್ನು ಕೇಳು. ‘ಈ ಗಾಲಿಯ ಅಚ್ಚು ಯಾವ ದಿಕ್ಕಿಗೆ ಹೋಗಿದೆ? ಗೆರೆ ಎಳೆದು ತೋರಿಸು.’ ಹುಡುಗ ಈ ಬದಿಯ ಗುಂಬದಿಂದ ಆ ಬದಿಯ ಗುಂಬಕ್ಕೆ ಗೆರೆ ಎಳೆಯುತ್ತಾನೆ. ದೀರ್ಘವೃತ್ತಕ್ಕೆ ಒಂದು ಉದ್ದ ಅಕ್ಷ, ಒಂದು ಗಿಡ್ಡ ಅಕ್ಷ. ಗಿಡ್ಡ ಅಕ್ಷ ಆ ಅಚ್ಚಿನ ಗೆರೆಯ ಮೇಲೆಯೇ ಬೀಳಬೇಕು, ಉದ್ದ ಅಕ್ಷ ಅದಕ್ಕೆ ಲಂಬವಾಗಿರಬೇಕು. ಆಗ ಗಾಲಿ ತುಸು ವಾಲುತ್ತದೆ. ಹಾಳೆಯ ಮೇಲೆ ವಾಲಿದ ಗಾಲಿಯೇ ನೋಡುವವರ ಕಣ್ಣಿಗೆ ನೆಟ್ಟಗೆ ನಿಂತ ಗಾಲಿ. ಈ ಮಾತನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ರಟ್ಟಿನ ಮೇಲೆ ಬಳೆ ಇಟ್ಟು ಸುತ್ತ ಗೆರೆ ಎಳೆದು ಬಿಲ್ಲೆ ಕತ್ತರಿಸಿಕೋ. ನಡುವೆ ಪೆನ್ಸಿಲ್ ಚುಚ್ಚು, ಬಿಲ್ಲೆಗೂ ಪೆನ್ಸಿಲ್ಲಿಗೂ ಮೂಲೆಮಟ್ಟ ಇರಲಿ. ಅದನ್ನು ಕಣ್ಣೆದುರು ಹಿಡಿದು ನಿಧಾನ ತಿರುಗಿಸಲಿ. ಬಿಲ್ಲೆ ಎಷ್ಟೇ ಸಪೂರವಾಗಲಿ, ಎತ್ತ ವಾಲಲಿ, ಸಪೂರವಾದ ಅಡ್ಡಳತೆ ಪೆನ್ಸಿಲ್ಲಿನ ಜಾಡು ಬಿಡುವುದಿಲ್ಲ. ಒಂದು ಸಲ ಇದನ್ನು ತಾನೇ ಕಂಡ ಹುಡುಗ ಮತ್ತೆ ನಿನ್ನನ್ನು ಕೇಳುವುದಿಲ್ಲ.

ನಾನು ನಿನಗೆ ಹೇಳಬೇಕಾದ ಮುಖ್ಯ ಮಾತು ಇದೇ. ಒಂದು ಚಿತ್ರದಲ್ಲಿ ಹನ್ನೊಂದು ತಪ್ಪು ಕಂಡರೆ ಹನ್ನೊಂದನ್ನೂ ಬರೆಯಬೇಡ. ಯಾವ ಒಂದನ್ನು ಹಿಡಿದರೆ ಉಳಿದವು ತಾವೇ ಸರಿಯಾಗುತ್ತವೆ ಎಂದು ಹುಡುಕು. ಅದನ್ನು ಮಗು ಕೈಯಾರೆ ಮಾಡಬಹುದಾದ ಕೆಲಸವನ್ನಾಗಿ ಹೇಳು. ‘ಗಾಲಿ ಸರಿ ಇಲ್ಲ’ ಅಂದರೆ ಅವನು ರಬ್ಬರ್ ಹಿಡಿಯುತ್ತಾನೆ. ‘ಅಚ್ಚಿನ ಗೆರೆ ಎಳಿ’ ಅಂದರೆ ಪೆನ್ಸಿಲ್ ಹಿಡಿಯುತ್ತಾನೆ.

ಅಚ್ಚು ಸರಿಯಾದ ಮೇಲೆ ಉಳಿದವಕ್ಕೆ ದಾರಿ ತೆರೆಯುತ್ತದೆ. ಈ ಬದಿಯ ಮುಂದಿನ, ಹಿಂದಿನ ಗಾಲಿಗಳು ನೆಲ ಮುಟ್ಟುವ ಎರಡು ಬಿಂದುಗಳನ್ನು ಸೇರಿಸಿದ ಗೆರೆ ಗಾಡಿಯ ಬದಿಯ ಗೆರೆಗಳ ಜೊತೆಯಲ್ಲೇ ಒಂದು ಬಿಂದುವಿಗೆ ಹೋಗಿ ಕೂಡಬೇಕು. ಆ ಬದಿಯ, ಕಾಣದ ಗಾಲಿಯನ್ನೂ ತೆಳುವಾಗಿ ತೆಗೆಯಲಿ, ಗಾಡಿ ಗಾಜಿನದು ಅಂದುಕೊಂಡು, ಆಮೇಲೆ ಅಳಿಸಿದರಾಯಿತು. ಒಂದೇ ಬದಿಯ ಗಾಲಿಗಳಲ್ಲಿ ನಮ್ಮಿಂದ ದೂರದ್ದು ಹತ್ತಿರದ್ದಕ್ಕಿಂತ ಸಣ್ಣದಷ್ಟೇ ಅಲ್ಲ, ಇನ್ನೂ ಸಪೂರ. ಬಂಡಿಯ ಗಾಲಿ ಓರೆಯಾದಾಗ ಅರೆಕಾಲುಗಳು ಸಮ ಅಂತರದಲ್ಲಿ ಕಾಣುವುದಿಲ್ಲ, ಮೇಲೂ ಕೆಳಗೂ ಒತ್ತೊತ್ತಾಗುತ್ತವೆ, ಬದಿಗೆ ಬಿಡಿ ಬಿಡಿಯಾಗುತ್ತವೆ. ಗುಂಬವೂ ದೀರ್ಘವೃತ್ತದ ನಟ್ಟನಡುವೆ ಇರುವುದಿಲ್ಲ, ತುಸು ಆಚೆ ಬದಿಗೆ ಸರಿದಿರುತ್ತದೆ. ಇದೆಲ್ಲ ಒಂದೇ ದಿನದ ಪಾಠವಲ್ಲ.

ಟ್ರ್ಯಾಕ್ಟರಿನ ಬಗ್ಗೆ ಮಾತ್ರ ಇನ್ನೂ ನಾಲ್ಕು ಮಾತು, ನಿನ್ನ ಮಕ್ಕಳಿಗೆ ಅದರ ಮೇಲೇ ಜೀವ. ಬಹಳ ಟ್ರ್ಯಾಕ್ಟರುಗಳ ಹಿಂದಿನ ಟೈರಿನ ಮೇಲೆ 13.6-28 ಎಂದೂ ಮುಂದಿನದರ ಮೇಲೆ 6.00-16 ಎಂದೂ ಅಚ್ಚಾಗಿರುತ್ತದೆ. ಟೈರಿನ ಅಗಲ 13.6 ಇಂಚು, ರಿಮ್ಮಿನ ಅಡ್ಡಳತೆ 28 ಇಂಚು. ಮುಂದೆ 6 ಇಂಚು, 16 ಇಂಚು. ಮಕ್ಕಳು ಆ ಅಂಕಿಗಳನ್ನು ಹೋಗಿ ಓದಿಕೊಂಡು ಬರಲಿ. ನಿನ್ನ ಕಟ್ಟಿನಲ್ಲಿ ಒಬ್ಬ ಎರಡೂ ಗಾಲಿಯ ಗುಂಬಗಳನ್ನು ಒಂದೇ ಗೆರೆಯ ಮೇಲೆ ಇಟ್ಟಿದ್ದಾನೆ, ಅವನ ಟ್ರ್ಯಾಕ್ಟರಿನ ಮುಂದಿನ ಗಾಲಿ ಗಾಳಿಯಲ್ಲಿದೆ. ಹಿಂದಿನ ಗಾಲಿ ದೊಡ್ಡದಾದ್ದರಿಂದ ಅದರ ಗುಂಬ ಎತ್ತರದಲ್ಲಿರಬೇಕು, ಎರಡೂ ಕೂಡುವುದು ನೆಲದಲ್ಲಿ. ಇನ್ನೊಬ್ಬಳು ಟೈರಿನ ಹಲ್ಲುಗಳನ್ನು ಒಂದೊಂದಾಗಿ ಎಷ್ಟು ಶ್ರದ್ಧೆಯಿಂದ ತೆಗೆದಿದ್ದಾಳೆ! ಕೆಳಗಿನ ದೀರ್ಘವೃತ್ತವೇ ತಪ್ಪಾಗಿದ್ದರಿಂದ ಆ ಶ್ರಮ ನಿಲ್ಲಲಿಲ್ಲ. ಅವಳಿಗೆ ‘ಹಲ್ಲು ಛಲೋ ಬಂದಾವ’ ಎಂದು ನಿಜವಾಗಿ ಹೇಳು, ಆಮೇಲೆ ಮುಂದಿನ ಸಲ ಹಲ್ಲನ್ನು ಕಟ್ಟಕಡೆಗೆ ತೆಗೆಯಲು ಹೇಳು.

ಬಸ್ಸಿನ ಚಿತ್ರಗಳಲ್ಲಿ ಬೇರೆ ತೊಡಕು. ಬಸ್ಸಿನ ಮಾಳಿಗೆ ಕಾಣುತ್ತದೆ, ಅದೇ ಬಸ್ಸಿನ ಗಾಲಿಗಳು ರಸ್ತೆಯಲ್ಲಿ ನಿಂತವನಿಗೆ ಕಂಡಂತಿವೆ. ‘ನೀ ಎಲ್ಲಿ ನಿಂತಿದ್ದಿ?’ ಎಂಬ ಒಂದೇ ಪ್ರಶ್ನೆ ಸಾಕು. ನಾಲ್ಕು ಅಡಿ ಎತ್ತರದ ಹುಡುಗನ ಕಣ್ಣಿನ ಮಟ್ಟ ಬಸ್ಸಿನ ಕಿಟಕಿಗಿಂತಲೂ ಕೆಳಗಿರುತ್ತದೆ. ಕಣ್ಣಿನ ಮಟ್ಟಕ್ಕಿಂತ ಮೇಲಿನ ಗೆರೆಗಳು ದೂರ ಹೋದಂತೆ ಇಳಿಯುತ್ತವೆ, ಕೆಳಗಿನವು ಏರುತ್ತವೆ. ಮಾಳಿಗೆ ಕಾಣಬೇಕಾದರೆ ಅವನು ಯಾರದಾದರೂ ಮನೆಯ ಮಾಳಿಗೆ ಹತ್ತಬೇಕು. ಹತ್ತಿಯೇ ನೋಡಲಿ, ಎರಡು ಚಿತ್ರ ತೆಗೆಯಲಿ. ಮೊಬೈಲ್ ಫೋಟೋ ನೋಡಿ ತೆಗೆಯುವವರಿಗೆ ಒಂದು ಎಚ್ಚರ ಹೇಳು: ಗಾಡಿಗೆ ತೀರ ಹತ್ತಿರ ನಿಂತು ತೆಗೆದ ಫೋಟೋದಲ್ಲಿ ಮುಂದಿನ ಗಾಲಿ ಉಬ್ಬಿ ಹಿಂದಿನದು ಕುಗ್ಗಿರುತ್ತದೆ. ಹತ್ತು ಹೆಜ್ಜೆ ಹಿಂದೆ ಸರಿದು ತೆಗೆದರೆ ಅಳತೆ ತಿಳಿಯುತ್ತದೆ. ಅದಕ್ಕಿಂತ ನಿಂತ ಗಾಡಿಯ ಮುಂದೆ ಕೂತು, ಕೈ ಚಾಚಿ ಪೆನ್ಸಿಲ್ ಹಿಡಿದು, ಗಾಲಿಯ ಅಗಲ ಅದರ ಎತ್ತರದ ಎಷ್ಟನೆಯ ಪಾಲು ಎಂದು ಅಳೆಯುವುದೇ ಮೇಲು.

ಮಕ್ಕಳ ಗೆರೆಯ ಮೇಲೆ ನಿನ್ನ ಗೆರೆ ಎಳೆಯಬೇಡ. ಈ ವಿಷಯದಲ್ಲಿ ನಾನು ಹಟಮಾರಿ. ಗುರುವಿನ ಗೆರೆ ದಪ್ಪ, ಸಲೀಸು; ಅದು ಬಿದ್ದ ಕೂಡಲೆ ಚಿತ್ರ ಮಗುವಿನ ಕೈತಪ್ಪುತ್ತದೆ. ಬಟರ್ ಪೇಪರ್ ಮೇಲಿಟ್ಟು ಅದರ ಮೇಲೆ ಅಚ್ಚಿನ ಗೆರೆ ತೋರಿಸು, ತೋರಿಸಿ ಎತ್ತಿಕೋ. ಹುಡುಗ ಕೆಳಗಿನ ಹಾಳೆಯನ್ನು ತಾನೇ ತಿದ್ದಲಿ.

ಅಂಕದ ವಿಷಯ. ಪರೀಕ್ಷೆಯಲ್ಲಿ ಅಂಕ ಹೇಗೂ ಬರುತ್ತದೆ, ಅಭ್ಯಾಸದ ಹಾಳೆಗೆ ಹಾಕಬೇಡ. ಇಸ್ರೇಲಿನಲ್ಲಿ ರುತ್ ಬಟ್ಲರ್ ಶಾಲಾ ಮಕ್ಕಳ ಮೇಲೆ ನಡೆಸಿದ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡೂ ಕೊಟ್ಟು ನೋಡಿದರು. ಮುಂದಿನ ಕೆಲಸದಲ್ಲಿ ಆಸಕ್ತಿಯೂ ಸುಧಾರಣೆಯೂ ಕಂಡದ್ದು ಟಿಪ್ಪಣಿ ಮಾತ್ರ ಪಡೆದವರಲ್ಲಿ. ಎರಡೂ ಪಡೆದವರಿಗೆ ಟಿಪ್ಪಣಿಯಿಂದ ಆ ಲಾಭ ಸಿಗಲಿಲ್ಲ. ತರಗತಿಯಲ್ಲಿ ನಿಂತವರಿಗೆ ಇದು ಕಣ್ಣಾರೆ ಕಂಡ ಸಂಗತಿ: ಹಾಳೆ ಕೈಗೆ ಬಂದ ಕೂಡಲೆ ಮಗು ಅಂಕ ನೋಡುತ್ತದೆ, ಪಕ್ಕದವನ ಅಂಕ ನೋಡುತ್ತದೆ, ಬರೆದ ಮಾತು ಓದದೆ ಉಳಿಯುತ್ತದೆ.

ಮಕ್ಕಳು ಒಬ್ಬರ ಚಿತ್ರಕ್ಕೆ ಒಬ್ಬರು ಮಾತು ಹೇಳಲಿ, ಆದರೆ ಗಾಡಿಯ ಬಗ್ಗೆ ಹೇಳಲಿ, ತೆಗೆದವರ ಬಗ್ಗೆ ಬೇಡ. ‘ನಿಂಗ ಬರಂಗಿಲ್ಲ’ ಅನ್ನುವ ಮಾತು ಕೇಳಿಸಿದ ಕೂಡಲೆ ನಿಲ್ಲಿಸು. ‘ನಿನ್ನ ಹಿಂದಿನ ಗಾಲಿ ನೆಲ ಮುಟ್ಟಿಲ್ಲ’ ಅಂದರೆ ನಿಲ್ಲಿಸಬೇಡ. ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥ ಇದೆ. ನೋಟು ಎಲ್ಲರ ಕೈಗೂ ಕೊಟ್ಟು, ಆ ರಥದ ಗಾಲಿಗಳ ಅಚ್ಚು ಯಾವ ಕಡೆ ಹೋಗಿದೆ ಎಂದು ವಾದ ಹಚ್ಚು. ಯಾರ ಮನಸ್ಸೂ ನೋಯದೆ ತಪ್ಪು ಹುಡುಕುವ ರೂಢಿ ಹೀಗೆ ಬೀಳುತ್ತದೆ.

ಕಟ್ಟಿನ ಕಡೆಯಲ್ಲಿದ್ದ ಹಾಳೆ ಒಂಬತ್ತನೆಯ ಇಯತ್ತೆಯ ಹುಡುಗಿಯದು. ಬಸ್ಸಿನ ಮುಂದಿನ ಗಾಲಿ ಹಾಳೆಯ ಅರ್ಧ ತುಂಬಿದೆ, ಡ್ರೈವರಿನ ಕಿಟಕಿಗಿಂತ ದೊಡ್ಡದು. ಮಾಳಿಗೆಯ ಗೆರೆ ಕಡಿದಾಗಿ ಇಳಿದಿದೆ, ದಿಗಂತದ ಗೆರೆ ಹಾಳೆಯ ಬುಡದಲ್ಲಿದೆ. ‘ಗಾಲಿ ಅಷ್ಟು ದೊಡ್ಡದಿರುವುದಿಲ್ಲ’ ಎಂದು ನೀನು ಪೆನ್ಸಿಲ್ಲಿನಲ್ಲಿ ಬರೆದಿದ್ದೀ. ಅದನ್ನು ಅಳಿಸಿಬಿಡು. ಆ ಹುಡುಗಿ ಬಸ್ಸಿಗೆ ಕಾಯುತ್ತ ನೆಲದ ಮೇಲೆ ಕೂತು ನೋಡಿದ್ದಾಳೆ. ಕಣ್ಣು ಅಷ್ಟು ಕೆಳಗೆ, ಗಾಲಿ ಅಷ್ಟು ಹತ್ತಿರ ಇದ್ದಾಗ ಅದು ಹಾಗೇ ಕಾಣಬೇಕು. ನಾನು ಸ್ಕೇಲು ಇಟ್ಟು ನೋಡಿದೆ, ಗಿಡ್ಡ ಅಕ್ಷ ಅಚ್ಚಿನ ಗೆರೆಯ ಮೇಲೆಯೇ ಇದೆ, ಯಾರೂ ಹೇಳಿಕೊಡದೆ. ಹಿಂದಿನ ಗಾಲಿ ಮಾತ್ರ ಮುಂದಿನದರಷ್ಟೇ ಅಗಲವಾಗಿದೆ. ‘ಎಲ್ಲಿ ಕೂತು ನೋಡಿದ್ದಿ, ಹಿಂದಿನ ಗಾಲಿ ಅಲ್ಲಿಂದ ಇನ್ನೂ ಸಪೂರ ಕಾಣ್ತದೇನು, ಇನ್ನೊಮ್ಮೆ ನೋಡಿ ಬಾ’ ಎಂದಷ್ಟೇ ಬರೆ. ಅವಳು ತಿದ್ದಿದ ಮೇಲೆ ಆ ಹಾಳೆಯನ್ನು ನನಗೆ ಮತ್ತೊಮ್ಮೆ ಕಳಿಸು.