ಸಾಣೆಕಲ್ಲಿನ ಮುಂದೆ ಎರಡು ಚಾಕು

ಫ್ರಾನ್ಸಿನ ಸವೊಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡತೊಡಗಿದ ಮಡಚುವ ಚಾಕು ಇಂದಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮಾರಾಟವಾಗುತ್ತಿದೆ. ಅದರ 8ನೇ ನಂಬರಿನ ಚಾಕುವಿಗೆ 8.5 ಸೆಂಟಿಮೀಟರ್ ಅಲಗು, ಬೀಚ್ ಮರದ ಹಿಡಿ. ತೂಕ 50 ಗ್ರಾಂ ಮುಟ್ಟುವುದಿಲ್ಲ. ಅಮೆರಿಕದ ಇಡಾಹೊ ರಾಜ್ಯದ ಬಾಯ್ಸಿಯಲ್ಲಿ ಕ್ರಿಸ್ ರೀವ್ ಕಂಪನಿ ಮಾಡುವ ಸೆಬೆಂಜಾ 31ರ ಬೆಲೆ 400 ಡಾಲರ್ ದಾಟುತ್ತದೆ. ಅಷ್ಟು ದುಡ್ಡಿಗೆ ಒಪಿನೆಲ್ ಒಂದು ಡಜನ್‌ಗೂ ಹೆಚ್ಚು ಬರುತ್ತವೆ. ಎರಡನ್ನೂ ಗಟ್ಟಿ ಸೇಬೊಂದರ ಮೇಲೆ ಇಟ್ಟು ಒತ್ತಿದರೆ ಒಪಿನೆಲ್‌ನ ತೆಳು ಅಲಗು ಸದ್ದಿಲ್ಲದೆ ತಳ ಮುಟ್ಟುತ್ತದೆ. ಸುಮಾರು 3 ಮಿಲಿಮೀಟರ್ ದಪ್ಪದ ದೊಡ್ಡ ಸೆಬೆಂಜಾ ಅರ್ಧ ದಾರಿಗೆ ಬಂದಾಗ ಕೊಯ್ಯುವುದನ್ನು ಬಿಟ್ಟು ಬೆಣೆಯಂತೆ ಸೀಳುತ್ತದೆ. ಹಣ್ಣು ಟಪ್ಪೆಂದು ಎರಡು ಹೋಳಾಗುತ್ತದೆ. ದುಬಾರಿ ಚಾಕುಗಳನ್ನು ಬಳಸಿ, ಕೂಡಿಟ್ಟು ನಾನು ಕಲಿತದ್ದೆಲ್ಲ ಈ ಸೇಬಿನಿಂದಲೇ ಶುರು: ಬೆಲೆ ಏರಿದಂತೆ ಕೊಯ್ಯುವ ಗುಣ ಏರುವುದಿಲ್ಲ. ಹಾಗಾಗಿ ಸಂಗ್ರಹದ ಚಾಕುವನ್ನೂ ದಿನಬಳಕೆಯ ಚಾಕುವನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಾರದು ಎಂಬುದು ನನ್ನ ವಾದ. ಎರಡನ್ನೂ ಬೇರೆ ಮಾಡಿ ತೋರಿಸುವುದು ಸಾಣೆಕಲ್ಲು. ಯಾವುದನ್ನು ಅಳುಕಿಲ್ಲದೆ ಕಲ್ಲಿಗೆ ಹಚ್ಚಬಲ್ಲೆವೋ ಅದು ಜೇಬಿನ ಚಾಕು. ಯಾವುದನ್ನು ಹಚ್ಚಲು ಕೈ ಹಿಂದೆಗೆಯುತ್ತದೋ ಅದು ಪೆಟ್ಟಿಗೆಯ ಚಾಕು.

ಹಾಗಾದರೆ ಹೆಚ್ಚಿನ ದುಡ್ಡು ಹೋಗುವುದು ಎಲ್ಲಿಗೆ? ಅಲಗು ತಿರುಗುವ ಕೀಲಿಗೆ, ಬೀಗಕ್ಕೆ. ದಕ್ಷಿಣ ಆಫ್ರಿಕಾದಿಂದ 1989ರಲ್ಲಿ ಬಾಯ್ಸಿಗೆ ಬಂದು ನೆಲೆಸಿದ ಕ್ರಿಸ್ ರೀವ್ ತಮ್ಮ ಚಾಕುವಿಗೆ ಇಟ್ಟ ಹೆಸರು ಜುಲು ಭಾಷೆಯದು. ಸೆಬೆಂಜಾ ಎಂದರೆ ಕೆಲಸ. ಅಲಗನ್ನು ತೆರೆದಾಗ ಹಿಡಿಯ ಟೈಟಾನಿಯಂ ಪಟ್ಟಿಯೊಂದು ತಾನೇ ಒಳಕ್ಕೆ ಜರುಗಿ ಅಲಗಿನ ಬುಡಕ್ಕೆ ಒತ್ತಾಗಿ ನಿಲ್ಲುವ ಬೀಗ ಅವರ ಕೊಡುಗೆ. ಇಂದು ಎಷ್ಟೋ ದುಬಾರಿ ಚಾಕುಗಳು ಆ ಬೀಗವನ್ನೇ ಅನುಸರಿಸುತ್ತವೆ. ಟೈಟಾನಿಯಂ ಉಕ್ಕಿಗಿಂತ ಮೆದು. ಗಟ್ಟಿ ಅಲಗಿಗೆ ಒತ್ತಿ ಒತ್ತಿ ಪಟ್ಟಿಯ ತುದಿ ಸವೆಯುತ್ತದೆ. ಸೆಬೆಂಜಾ 31ರಲ್ಲಿ ಅವೆರಡರ ನಡುವೆ ಸಣ್ಣದೊಂದು ಸೆರಾಮಿಕ್ ಗುಂಡು ಕೂರಿಸಿರುವುದು ಇದೇ ಕಾರಣಕ್ಕೆ. ಅಲಗು ತಿರುಗುವ ಕಡೆ ಫಾಸ್ಫರ್ ಕಂಚಿನ ವಾಷರುಗಳಿವೆ, ಚಾಕು ಬಿಚ್ಚುವ ಷಟ್ಕೋನದ ಕೀಲಿಕೈಯನ್ನು ಕಂಪನಿಯೇ ಡಬ್ಬಿಯಲ್ಲಿ ಇಟ್ಟು ಕೊಡುತ್ತದೆ. ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ, ಮತ್ತೆ ಕೂಡಿಸಿದರೆ ಅಲಗು ಹಿಡಿಯ ನಟ್ಟನಡುವೆಯೇ ಬಂದು ಕೂರುತ್ತದೆ, ಎಡಕ್ಕೂ ಬಲಕ್ಕೂ ವಾಲುವುದಿಲ್ಲ. ಈ ನಿಖರತೆ ಬಿಟ್ಟಿ ಬರುವಂಥದ್ದಲ್ಲ. ದುಡ್ಡು ಕೊಟ್ಟವರು ಮೋಸಹೋದರು ಎಂದು ನಾನು ಹೇಳಲಾರೆ. ಅವರು ಕೊಂಡದ್ದು ಒಂದು ಒಳ್ಳೆಯ ಯಂತ್ರ. ಹರಿತ ಮಾತ್ರ ಬೇರೆಯೇ ಸಂಗತಿ, ಅದನ್ನು ಪ್ರತಿ ಸಲವೂ ಹೊಸದಾಗಿ ಗಳಿಸಬೇಕು.

ಸಂಗ್ರಹಕಾರರ ಲೆಕ್ಕ ಇದಕ್ಕೆ ನೇರ ವಿರುದ್ಧ. ಅಮೆರಿಕದ ಪೆನ್ಸಿಲ್ವೇನಿಯಾದ ಕೇಸ್ ಕಂಪನಿ 1970ರಲ್ಲಿ ಅಲಗಿನ ಬುಡದ ಮುದ್ರೆಯ ಕೆಳಗೆ 10 ಚುಕ್ಕಿ ಹಾಕಿತು, ಆಮೇಲೆ ವರ್ಷಕ್ಕೊಂದು ಚುಕ್ಕಿ ತೆಗೆಯುತ್ತ ಹೋಯಿತು. ಚುಕ್ಕಿ ಎಣಿಸಿದರೆ ಸಾಕು, ಚಾಕು ಹುಟ್ಟಿದ ವರ್ಷ ಸಿಕ್ಕಿತು. ಹಳೆಯ ಚಾಕುಗಳ ಇಡೀ ಒಂದು ಸಂತೆ ಈ ಚುಕ್ಕಿಗಳ ಮೇಲೆ ನಿಂತಿದೆ. ಅಲ್ಲಿ ಮೊದಲು ಕೇಳುವ ಪ್ರಶ್ನೆ, ಅಲಗು ಪೂರ್ತಿ ಇದೆಯೇ? ಎರಡನೆಯದು, ಕಲ್ಲಿಗೆ ಹಚ್ಚಿದ್ದಾರೆಯೇ? ಒಂದೇ ವರ್ಷದ, ಒಂದೇ ಮಾದರಿಯ ಎರಡು ಚಾಕುಗಳಲ್ಲಿ ಒಂದಕ್ಕೆ ಸಾಣೆ ಬಿದ್ದಿದ್ದರೆ ಅದರ ಬೆಲೆ ಅಲ್ಲಿಗೇ ಇಳಿಯಿತು. ಹೊಸ ಕಾಲದ ಚಾಕುಗಳಿಗೂ ಇದೇ ನ್ಯಾಯ: ಡಬ್ಬಿ ಇರಬೇಕು, ಹುಟ್ಟಿದ ದಿನಾಂಕ ಬರೆದ ಕಾರ್ಡು ಇರಬೇಕು, ಕಾರ್ಖಾನೆಯ ಅಂಚು ಹಾಗೇ ಇರಬೇಕು. ಈ ಲೆಕ್ಕ ತಪ್ಪಲ್ಲ. ಅಂಚೆಚೀಟಿಯ ಅಂಟು ಹೋಗಬಾರದು ಎನ್ನುವವರ ಹಾಗೆ ಇವರೂ ವಸ್ತುವನ್ನು ಹುಟ್ಟಿದ ಸ್ಥಿತಿಯಲ್ಲೇ ಉಳಿಸಲು ಬಯಸುತ್ತಾರೆ. ಆದರೆ ಬಳಸಿದ ಚಾಕು ಮೊಂಡಾಗಲೇಬೇಕು, ಮೊಂಡಾದದ್ದು ಕಲ್ಲಿಗೆ ಬರಲೇಬೇಕು, ಕಲ್ಲು ಪ್ರತಿ ಸಲವೂ ಕೂದಲೆಳೆಯಷ್ಟಾದರೂ ಲೋಹವನ್ನು ತಿನ್ನಲೇಬೇಕು. ಒಂದೇ ಚಾಕುವಿನಿಂದ ಎರಡೂ ಆಸೆ ತೀರಿಸಿಕೊಳ್ಳಲು ಹೊರಟವರು ಕೊನೆಗೆ ಮೊಂಡು ಚಾಕುವನ್ನೇ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ. ಮೊಂಡು ಚಾಕು ಅಪಾಯಕಾರಿ. ಕೈ ಹೆಚ್ಚು ಒತ್ತಬೇಕಾಗುತ್ತದೆ, ಒತ್ತಿದಾಗ ಜಾರುತ್ತದೆ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ಹೊಸ ಉಕ್ಕುಗಳದ್ದು. ಈಗಿನ ಉಕ್ಕು ತಿಂಗಳುಗಟ್ಟಲೆ ಹರಿತ ಉಳಿಸಿಕೊಳ್ಳುವಾಗ ಸಾಣೆಯ ಮಾತೇಕೆ ಎನ್ನುತ್ತಾರೆ. ಈ ವಾದದಲ್ಲಿ ಹುರುಳಿದೆ, ಅದನ್ನು ಬಿಡಿಸಿ ನೋಡಬೇಕು. ಕರಗಿದ ಉಕ್ಕನ್ನು ಅನಿಲದ ರಭಸಕ್ಕೆ ಒಡ್ಡಿ ನುಣ್ಣನೆಯ ಪುಡಿ ಮಾಡಿ, ಆ ಪುಡಿಯನ್ನು ಕಾವು ಮತ್ತು ಒತ್ತಡದಲ್ಲಿ ಮತ್ತೆ ಗಟ್ಟಿಯಾಗಿಸುವ ವಿಧಾನದಿಂದ ಉಕ್ಕಿನೊಳಗಿನ ಗಟ್ಟಿ ಕಾರ್ಬೈಡ್ ಕಣಗಳು ಸಣ್ಣದಾಗಿ, ಸಮನಾಗಿ ಹರಡುತ್ತವೆ. ಕ್ರೂಸಿಬಲ್ ಕಂಪನಿಯ ಎಸ್30ವಿ ಹೀಗೆ ಬಂದದ್ದು. ಅದರಲ್ಲಿ ಸುಮಾರು 1.45% ಇಂಗಾಲ, 14% ಕ್ರೋಮಿಯಂ, 4% ವನೇಡಿಯಂ. ಲೋಹತಜ್ಞ ಲ್ಯಾರಿನ್ ಥಾಮಸ್ ರೂಪಿಸಿ 2021ರಲ್ಲಿ ಹೊರಬಂದ ಮ್ಯಾಗ್ನಾಕಟ್‌ನಲ್ಲಿ ಕ್ರೋಮಿಯಂ 10.7%ಕ್ಕೆ ಇಳಿದರೂ ತುಕ್ಕು ತಡೆಯುವ ಶಕ್ತಿ ಕುಗ್ಗಲಿಲ್ಲ. ಇಷ್ಟೂ ನಿಜ. ಆದರೆ ಹರಿತ ಉಳಿಸುವ ಆ ವನೇಡಿಯಂ ಕಾರ್ಬೈಡು, ಸಾಧಾರಣ ಸಾಣೆಕಲ್ಲಿನ ಅಲ್ಯುಮಿನಿಯಂ ಆಕ್ಸೈಡಿಗಿಂತ ಗಟ್ಟಿ. ಮನೆಯ ಕಲ್ಲು ಅದರ ಸುತ್ತಲಿನ ಉಕ್ಕನ್ನು ಉಜ್ಜುತ್ತದೆಯೇ ಹೊರತು ಕಾರ್ಬೈಡನ್ನು ಸರಿಯಾಗಿ ಕತ್ತರಿಸುವುದಿಲ್ಲ. ವಜ್ರದ ಪುಡಿ ಕೂರಿಸಿದ ಫಲಕವೇ ಬೇಕು. ಅಂದರೆ ಸಾಣೆಯ ದಿನ ಮುಂದಕ್ಕೆ ಹೋಯಿತು, ತಪ್ಪಲಿಲ್ಲ. ಬಂದ ದಿನ ಕೆಲಸ ಇನ್ನಷ್ಟು ಕಷ್ಟವಾಯಿತು. ಸಾಣೆ ಅಪರೂಪವಾದಷ್ಟೂ ಕೈಗೆ ಅಭ್ಯಾಸ ತಪ್ಪುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಥಾಮಸ್ ಅವರದೇ ಪರೀಕ್ಷೆಗಳು ಇನ್ನೊಂದು ಮಾತನ್ನು ಸ್ಪಷ್ಟವಾಗಿ ತೋರಿಸಿವೆ: ಅಂಚಿನ ಕೋನವನ್ನು ಕಿರಿದು ಮಾಡಿದರೆ ಸಿಗುವ ಲಾಭ, ಉಕ್ಕು ಬದಲಿಸಿದರೆ ಸಿಗುವ ಲಾಭವನ್ನು ಎಷ್ಟೋ ಸಲ ಮೀರುತ್ತದೆ. ಆ ಕೋನ ನಮ್ಮ ಕೈಯಲ್ಲಿದೆ, ಕಲ್ಲಿನ ಮೇಲಿದೆ. ಬೆಲೆಚೀಟಿಯಲ್ಲಿ ಅದು ಬರುವುದಿಲ್ಲ.

ಉಕ್ಕಿನ ಹೆಸರನ್ನಷ್ಟೇ ನೋಡಿ ಕೊಳ್ಳುವವರಿಗೆ ನಾನು ತೋರಿಸುವುದು ಬಕ್ 110 ಚಾಕುವನ್ನು. 1964ರಿಂದ ಬರುತ್ತಿರುವ, ಹಿತ್ತಾಳೆ ಕಟ್ಟಿನ, ಸುಮಾರು 200 ಗ್ರಾಂ ತೂಗುವ ಚಾಕು ಅದು. ಈಗ ಅದಕ್ಕೆ ಬಳಸುವ 420ಎಚ್‌ಸಿ ಉಕ್ಕಿನಲ್ಲಿ ಇಂಗಾಲ ಅರ್ಧ ಶೇಕಡಾವನ್ನೂ ಮುಟ್ಟುವುದಿಲ್ಲ. ಪಟ್ಟಿಯಲ್ಲಿ ನೋಡಿದರೆ ಕೆಳಗಿನ ಸಾಲು. ಆದರೆ ಉಕ್ಕು ಹದಗೊಳಿಸುವ ಪರಿಣತ ಪಾಲ್ ಬೋಸ್ ಆ ಉಕ್ಕಿಗೆ ಕಾಯಿಸಿ ತಣಿಸುವ ಕ್ರಮವನ್ನು ಎಷ್ಟು ಚೆನ್ನಾಗಿ ಗೊತ್ತುಮಾಡಿದರೆಂದರೆ ಅವರ ಗುರುತೇ ಅಲಗಿನ ಮೇಲೆ ಮೂಡಿತು. ನಮ್ಮ ಕಮ್ಮಾರರು ಹದ ಎನ್ನುವುದು ಇದನ್ನೇ. ಹದ ತಪ್ಪಿದರೆ ಎಂಥ ದುಬಾರಿ ಉಕ್ಕಾದರೂ ಒಂದೋ ಚಕ್ಕೆ ಏಳುತ್ತದೆ, ಇಲ್ಲವೇ ಅಂಚು ಮಡಚಿಕೊಳ್ಳುತ್ತದೆ. ಹದವಾದ ಸಾದಾ ಉಕ್ಕು ಹತ್ತು ನಿಮಿಷದಲ್ಲಿ ಮನೆಯ ಕಲ್ಲಿನ ಮೇಲೆ ಮತ್ತೆ ಹರಿತಕ್ಕೆ ಬರುತ್ತದೆ.

ಅಲೆಅಲೆ ಚಿತ್ತಾರದ ಡಮಾಸ್ಕಸ್ ಅಲಗುಗಳ ವಿಷಯ ಕನ್ನಡಿಗರಾದ ನಮಗೆ ಹತ್ತಿರದ್ದು. ಅವುಗಳನ್ನು ಮಾಡುತ್ತಿದ್ದ ಹಳೆಯ ಮೂಸೆ ಉಕ್ಕಿಗೆ ಇಂಗ್ಲಿಷಿನಲ್ಲಿ ಇರುವ ವೂಟ್ಜ್ ಎಂಬ ಹೆಸರು ನಮ್ಮ ಉಕ್ಕು ಎಂಬ ಪದದ ಅಪಭ್ರಂಶ ಎಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಆ ಹೆಸರಿನಿಂದಲೇ ಅದರ ಪರೀಕ್ಷೆಯನ್ನು ವರದಿ ಮಾಡಿದರು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಆ ಉಕ್ಕು ಮಾಡಿದ ಮೂಸೆಗಳ ಅವಶೇಷ ಸಿಕ್ಕಿವೆ. ಆ ಉಕ್ಕಿನ ಚಿತ್ತಾರ ಒಳಗಿನಿಂದ ಹುಟ್ಟಿದ್ದು: ಅದಿರಿನಲ್ಲಿ ಎಳ್ಳಷ್ಟಿದ್ದ ವನೇಡಿಯಂನಂಥ ಧಾತುಗಳು ಕಾರ್ಬೈಡನ್ನು ಸಾಲುಗಟ್ಟಿಸಿದವು ಎಂದು ಲೋಹತಜ್ಞ ವರ್ಹೋವೆನ್ ಮತ್ತು ಕಮ್ಮಾರ ಪೆಂಡ್ರೆ ಪ್ರಯೋಗ ಮಾಡಿ ತೋರಿಸಿದರು. ಎಸ್30ವಿಯಲ್ಲಿ ಬೇಕೆಂದೇ ಬೆರೆಸುವ ಅದೇ ಧಾತು ನಮ್ಮ ನೆಲದ ಉಕ್ಕಿನಲ್ಲಿ ತಾನಾಗಿ ಇತ್ತು ಎಂಬುದು ನನಗೆ ಎಷ್ಟು ಸಲ ನೆನೆದರೂ ಖುಷಿ ಕೊಡುವ ಸಂಗತಿ. ಇಂದು ಅಂಗಡಿಯಲ್ಲಿ ಡಮಾಸ್ಕಸ್ ಎಂದು ಸಿಗುವುದು ಬೇರೆ. ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು, ಆಮ್ಲದಲ್ಲಿ ಅದ್ದಿ ಗೆರೆ ಎಬ್ಬಿಸಿದ್ದು. ನೋಡಲು ಸೊಗಸು, ಕೂಡಿಡಲು ಯೋಗ್ಯ. ಜೇಬಿನಲ್ಲಿ ನಾಣ್ಯ, ಬೀಗದಕೈಗಳ ಜೊತೆ ತಿರುಗಿದರೆ ಆ ಗೆರೆಗಳು ಮಾಸುತ್ತವೆ. ಅಮೆರಿಕದ ವಿಲಿಯಂ ಹೆನ್ರಿ ಕಂಪನಿ ಇಂಥ ಅಲಗಿಗೆ ಪಳೆಯುಳಿಕೆಯಾದ ಮ್ಯಾಮತ್ ಹಲ್ಲಿನ ಹಿಡಿ ಹಾಕುತ್ತದೆ. ಅದು ಒಡವೆ, ಒಡವೆಯೆಂದೇ ಮಾರುತ್ತಾರೆ, ನನಗೆ ಅದರಲ್ಲಿ ತಕರಾರಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಬಲವಾದದ್ದು. ಸೆಬೆಂಜಾ ಬಳಸಿದರೂ ಬೆಲೆ ಕಳೆದುಕೊಳ್ಳುವುದಿಲ್ಲ, ಕಂಪನಿ ಹಳೆಯ ಚಾಕುವನ್ನು ವಾಪಸು ತರಿಸಿಕೊಂಡು ಸರಿಮಾಡಿ ಕೊಡುತ್ತದೆ, ಹಾಗಿರುವಾಗ ಅದು ಎರಡೂ ಕಡೆ ಸಲ್ಲುತ್ತದಲ್ಲವೇ? ಇದನ್ನು ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ. ಬಿಚ್ಚಿ ಕೂಡಿಸಬಹುದಾದ, ತಯಾರಕರೇ ಬೆನ್ನಿಗೆ ನಿಲ್ಲುವ ಚಾಕು ಬಳಕೆಗೆ ಹೇಳಿ ಮಾಡಿಸಿದ್ದು, ಕೆಲಸ ಎಂಬ ಹೆಸರಿಗೆ ತಕ್ಕದ್ದು. ಉಳಿದ ಕಾಲು ಪಾಲು ಕೊಂಡವರ ಮನಸ್ಸಿನದು. ಬಳಸಿದ ಸೆಬೆಂಜಾಕ್ಕೆ ಒಳ್ಳೆಯ ಬೆಲೆ ಸಿಗುತ್ತದೆ ಎಂಬ ಮಾತೇ ಅದನ್ನು ಮಾರುವ ವಸ್ತುವಾಗಿ ನೋಡುವ ಅಭ್ಯಾಸ ಹಚ್ಚುತ್ತದೆ. ಆಮೇಲೆ ಕೊರಿಯರ್ ಡಬ್ಬಿಯ ಅಂಟುಪಟ್ಟಿಯನ್ನೂ ಅದರಿಂದ ಕೊಯ್ಯಲು ಮನಸ್ಸು ಬಾರದು, ಅಂಟಿನ ಕಲೆ ಕೂತೀತೆಂಬ ಭಯ. ಮಾವಿನಹಣ್ಣು ಕೊಯ್ಯಲು ಅಡುಗೆಮನೆಯ ಚಾಕುವೇ ಬರುತ್ತದೆ.

ಬೀಗದ ವಿಷಯದಲ್ಲಿ ಕಾನೂನನ್ನೂ ಲೆಕ್ಕಕ್ಕೆ ಹಿಡಿಯಬೇಕು, ಹೊರದೇಶದಲ್ಲಿರುವ ಕನ್ನಡಿಗರು ಮುಖ್ಯವಾಗಿ. ಬ್ರಿಟನ್ನಿನ 1988ರ ಕಾಯ್ದೆಯ ಪ್ರಕಾರ, ಅಲಗಿನ ಅಂಚು 3 ಇಂಚು ಮೀರದ, ತೆರೆದಾಗ ಬೀಗ ಬೀಳದ ಮಡಚುವ ಚಾಕುವನ್ನಷ್ಟೇ ಕಾರಣ ಹೇಳದೆ ಒಯ್ಯಬಹುದು. ಜರ್ಮನಿಯಲ್ಲಿ ಒಂದೇ ಕೈಯಿಂದ ತೆರೆದು ಬೀಗ ಬೀಳುವ ಚಾಕುವನ್ನು ತಕ್ಕ ಕಾರಣವಿಲ್ಲದೆ ಹೊರಗೆ ಒಯ್ಯುವಂತಿಲ್ಲ. ದುಬಾರಿ ಚಾಕುವಿನಲ್ಲಿ ಯಾವ ಅಂಗಕ್ಕೆ ಹೆಚ್ಚು ದುಡ್ಡು ತೆತ್ತೆವೋ ಅದೇ ಅಂಗ ಅದನ್ನು ಮನೆಯಲ್ಲೇ ಕೂರಿಸುತ್ತದೆ. ಬೀಗವಿಲ್ಲದ ಸ್ವಿಸ್ ಚಾಕು, ಸ್ಪೈಡರ್ಕೊ ಕಂಪನಿ ಬ್ರಿಟನ್ನಿಗಾಗಿಯೇ ಮಾಡಿದ ಬೀಗರಹಿತ ಪೆನ್ನುಚಾಕು, ಇಂಥವೇ ಅಲ್ಲಿ ನಿಜವಾದ ದಿನಬಳಕೆಯ ಚಾಕುಗಳು. ನಮ್ಮಲ್ಲಿಯೂ ವಿಮಾನದ ಕೈಚೀಲದಲ್ಲಿ ಚಾಕು ಒಯ್ಯುವಂತಿಲ್ಲ, ಮೆಟ್ರೊ ಬಾಗಿಲ ತಪಾಸಣೆಯಲ್ಲೂ ಅದಕ್ಕೆ ತಡೆ ಬರಬಹುದು. ದಿನಾ ಮೆಟ್ರೊ ಹತ್ತುವವರಿಗೆ ಜೇಬಿನ ಚಾಕು ತೊಡಕಿನದೇ.

ಅಗ್ಗದ್ದೇ ಸಾಕು ಎಂದು ಇದರ ಅರ್ಥವಲ್ಲ. ಒಪಿನೆಲ್‌ಗೂ ಅದರದೇ ತೊಡಕಿದೆ. ಮಲೆನಾಡಿನ ಮಳೆಗಾಲದಂಥ ತೇವಕ್ಕೆ ಬೀಚ್ ಮರ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಆಗ ಹಿಡಿಯ ಹಿಂಭಾಗವನ್ನು ಮೇಜಿಗೆ ಮೆಲ್ಲಗೆ ಕುಟ್ಟಿದರೆ ಅಲಗಿನ ತುದಿ ಮೇಲೇಳುತ್ತದೆ, ಸವೊಯ್ ಜನರ ಕುಟ್ಟು ಎಂದೇ ಅದಕ್ಕೆ ಹೆಸರು. ಇಂಗಾಲದ ಉಕ್ಕಿನ ಅಲಗಾದರೆ ನಿಂಬೆ, ಮಾವು ತಗಲಿದ ಕೂಡಲೇ ಕಪ್ಪಾಗುತ್ತದೆ, ಒರೆಸದೆ ಇಟ್ಟರೆ ಕರಾವಳಿಯ ಗಾಳಿಗೆ ತುಕ್ಕು ಹಿಡಿಯುತ್ತದೆ. ಇಂಥ ಕಡೆ ಟೈಟಾನಿಯಂ ಹಿಡಿ, ಮ್ಯಾಗ್ನಾಕಟ್ ಅಲಗು ದುಡ್ಡಿಗೆ ತಕ್ಕ ಉಪಕಾರ ಮಾಡುತ್ತವೆ. ಅಷ್ಟು ತೆತ್ತು ಸೆಬೆಂಜಾ ಕೊಂಡವರು ಅದನ್ನು ಜೇಬಿಗೇ ಇಡುವುದಾದರೆ ಮೊದಲ ವಾರದಲ್ಲೇ ವಜ್ರದ ಫಲಕಕ್ಕೆ ಹಚ್ಚಲಿ. ಕಾರ್ಖಾನೆಯ ಅಂಚು ಹೋಗಲಿ, ಕೋನ ತುಸು ಕಿರಿದಾಗಲಿ. ಬೆನ್ನಿನ ದಪ್ಪ ಹಾಗೇ ಉಳಿಯುವುದರಿಂದ ಸೇಬು ಆಮೇಲೂ ಟಪ್ಪೆಂದು ಸೀಳುತ್ತದೆ. ರಟ್ಟಿನ ಡಬ್ಬಿ, ಸೆಣಬಿನ ಹಗ್ಗ, ಕಿತ್ತಳೆಯ ಸಿಪ್ಪೆ ಮಾತ್ರ ಮೊದಲಿಗಿಂತ ಹಗುರಾಗಿ ಬಿಡಿಸಿಕೊಳ್ಳುತ್ತವೆ.