ಮನೆಯಲ್ಲಿಯೇ ಮದ್ದು

ಕ್ಷಯವೆಂಬ ಹೆಸರು ಕೇಳಿದರೆ ಜನ ನಡುಗುತ್ತಿದ್ದ ಕಾಲವೊಂದಿತ್ತು. ರೋಗವು ತಗುಲಿದೆಯೆಂದು ತಿಳಿದೊಡನೆ ರೋಗಿಯನ್ನು ಮನೆಮಂದಿಯಿಂದ ಬೇರ್ಪಡಿಸಿ, ಊರಾಚೆಯ ಆರೋಗ್ಯಧಾಮಕ್ಕೆ ಕಳುಹಿಸುವುದು ವಾಡಿಕೆಯಾಗಿತ್ತು. ನಿರ್ಮಲವಾದ ಗಾಳಿ, ಪುಷ್ಟಿಕರವಾದ ಆಹಾರ, ಪೂರ್ಣ ವಿಶ್ರಾಂತಿ ಇವು ಮೂರೂ ಇಲ್ಲದೆ ಕ್ಷಯವು ಗುಣವಾಗದೆಂಬುದು ವೈದ್ಯರ ದೃಢವಾದ ನಂಬಿಕೆ. 1882ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಈ ರೋಗಾಣುವನ್ನು ಕಂಡುಹಿಡಿದನು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಾಜಿಡ್ ಎಂಬ ಔಷಧಿಗಳು ಬಳಕೆಗೆ ಬಂದವು. ಆದರೂ ಹಳೆಯ ನಂಬಿಕೆ ಅಳಿಯಲಿಲ್ಲ.

ನಮ್ಮ ದೇಶದಲ್ಲಾದರೋ ರೋಗಿಗಳು ಲಕ್ಷಗಟ್ಟಲೆ; ಆಸ್ಪತ್ರೆಯ ಹಾಸಿಗೆಗಳು ಕೆಲವೇ ಸಾವಿರ. ಹಾಸಿಗೆ ದೊರೆತರೂ, ದುಡಿಯುವವನು ವರ್ಷವಿಡೀ ಮನೆ ಬಿಟ್ಟಿದ್ದರೆ ಮಡದಿ ಮಕ್ಕಳ ಗತಿಯೇನು? ಹಾಗೆಂದು ಮನೆಯಲ್ಲಿಯೇ ಔಷಧಿ ಕೊಟ್ಟರೆ ರೋಗ ವಾಸಿಯಾದೀತೆ? ಅಷ್ಟರಲ್ಲಿ ಅದು ಮಕ್ಕಳಿಗೂ ಅಂಟಿದರೆ? ಇವು ಊಹೆಯಿಂದ ಉತ್ತರಿಸುವ ಪ್ರಶ್ನೆಗಳಾಗಿರಲಿಲ್ಲ.

ಉತ್ತರವನ್ನು ಅರಸಲು 1956ರಲ್ಲಿ ಅಂದಿನ ಮದರಾಸಿನಲ್ಲಿ ಸಂಶೋಧನಾ ಕೇಂದ್ರವೊಂದು ಸ್ಥಾಪನೆಯಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಇದಕ್ಕಾಗಿ ಕೈಜೋಡಿಸಿದವು. ಡಾ. ವ್ಯಾಲೇಸ್ ಫಾಕ್ಸ್ ಅವರ ಮುಂದಾಳುತನದಲ್ಲಿ 193 ರೋಗಿಗಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಆರೋಗ್ಯಧಾಮ, ಇನ್ನೊಂದಕ್ಕೆ ಮನೆ. ಯಾರು ಎಲ್ಲಿರಬೇಕೆಂಬುದನ್ನು ವೈದ್ಯರು ಆರಿಸಲಿಲ್ಲ. ಚೀಟಿ ಎತ್ತುವ ರೀತಿಯಲ್ಲಿ ಅದು ನಿರ್ಧಾರವಾಯಿತು. ವೈದ್ಯರಿಗೇ ಬಿಟ್ಟಿದ್ದರೆ ಹೆಚ್ಚು ಬಳಲಿದವರನ್ನು ಕರುಣೆಯಿಂದ ಆರೋಗ್ಯಧಾಮಕ್ಕೆ ಕಳುಹಿಸುತ್ತಿದ್ದರು. ಆಗ ಹೋಲಿಕೆಯು ನ್ಯಾಯವಾಗುತ್ತಿರಲಿಲ್ಲ.

ಎರಡು ಗುಂಪಿಗೂ ಒಂದು ವರ್ಷ ಕಾಲ ಒಂದೇ ಔಷಧಿ. ಆರೋಗ್ಯಧಾಮದವರಿಗೆ ಒಳ್ಳೆಯ ಊಟ, ಆರೈಕೆ, ವಿಶ್ರಾಂತಿಗಳಿದ್ದವು. ಮನೆಯಲ್ಲಿದ್ದವರದು ಇಕ್ಕಟ್ಟಾದ ವಾಸ, ಬಡವರ ಊಟ. ಅವರು ವಾರಕ್ಕೊಮ್ಮೆ ಕೇಂದ್ರಕ್ಕೆ ಬಂದು ಔಷಧಿ ಒಯ್ಯುತ್ತಿದ್ದರು. ಆರೋಗ್ಯ ಸಂದರ್ಶಕರು ಮುನ್ಸೂಚನೆಯಿಲ್ಲದೆ ಅವರ ಮನೆಗೆ ಹೋಗಿ ಉಳಿದ ಔಷಧಿಯನ್ನು ಎಣಿಸುತ್ತಿದ್ದರು. ಮೂತ್ರ ಪರೀಕ್ಷೆಯಿಂದ ಸೇವನೆಯನ್ನು ಖಚಿತಪಡಿಸಿಕೊಳ್ಳುತ್ತಿದ್ದರು.

1959ರಲ್ಲಿ ಫಲಿತಾಂಶ ಪ್ರಕಟವಾಯಿತು. ವರ್ಷದ ಕೊನೆಗೆ ಆರೋಗ್ಯಧಾಮದಲ್ಲಿ ಶೇಕಡ 92 ಮಂದಿಯಲ್ಲಿ, ಮನೆಯಲ್ಲಿ ಶೇಕಡ 86 ಮಂದಿಯಲ್ಲಿ ರೋಗವು ಶಮನವಾಗಿತ್ತು. ಮೈತೂಕವೇನೋ ಆರೋಗ್ಯಧಾಮದವರಲ್ಲೇ ಹೆಚ್ಚು ಏರಿತ್ತು; ರೋಗಶಮನದಲ್ಲಿ ಮಾತ್ರ ಅಂತರ ಅಲ್ಪವಾಗಿತ್ತು. ಮನೆಯವರನ್ನು ಐದು ವರ್ಷ ಪರೀಕ್ಷಿಸುತ್ತ ಬಂದಾಗ ಇನ್ನೊಂದು ಸತ್ಯ ಹೊರಬಿದ್ದಿತು. ರೋಗಿಯು ಜೊತೆಯಲ್ಲಿದ್ದು ಚಿಕಿತ್ಸೆ ಪಡೆದ ಮಾತ್ರಕ್ಕೆ ಅವರಿಗೆ ಹೆಚ್ಚಿನ ಅಪಾಯವೇನೂ ಆಗಿರಲಿಲ್ಲ. ರೋಗ ಅಂಟುವುದು ಬಹುಮಟ್ಟಿಗೆ ಚಿಕಿತ್ಸೆಗೆ ಮೊದಲೇ. ಔಷಧಿ ಆರಂಭವಾದ ಮೇಲೆ ಅದು ಹರಡುವ ಶಕ್ತಿ ಬೇಗ ಕುಗ್ಗುತ್ತದೆ. ‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬ ಗಾದೆಯಂತೆ, ರೋಗಿಯು ಹಂಬಲಿಸಿದ ಮನೆಯನ್ನೇ ವೈದ್ಯಶಾಸ್ತ್ರವೂ ವಿಧಿಸಿತು.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. 1962ರ ರಾಷ್ಟ್ರೀಯ ಕಾರ್ಯಕ್ರಮವು ಮನೆಯಲ್ಲಿದ್ದೇ ಪಡೆಯುವ ಚಿಕಿತ್ಸೆಯನ್ನು ಜಿಲ್ಲೆಗಳಿಗೆ ಕೊಂಡೊಯ್ದಿತು. ಆದರೆ ಈ ಚಿಕಿತ್ಸೆಯ ಭಾರ ರೋಗಿಯ ಮೇಲೂ ಇದೆ. ಮೈ ಹಗುರಾಯಿತೆಂದು ನಡುವೆ ಔಷಧಿ ಬಿಟ್ಟರೆ ರೋಗ ಮರಳುತ್ತದೆ. ಔಷಧಿಗೆ ಬಗ್ಗದ ರೋಗಾಣುಗಳೂ ಬೆಳೆಯಬಹುದು.

ಹಾಗಾದರೆ ಆಹಾರದ ಮಾತು ಸುಳ್ಳಾಯಿತೆ? ಇಲ್ಲ. ಜಾರ್ಖಂಡದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಗಳ ಮನೆಯವರಿಗೆ ಪೌಷ್ಟಿಕ ಆಹಾರವನ್ನು ಒದಗಿಸಿದಾಗ ಅವರಲ್ಲಿ ಹೊಸದಾಗಿ ಕ್ಷಯ ತಗುಲುವುದು ಶೇಕಡ 40ರಷ್ಟು ತಗ್ಗಿತು. ಹಳೆಯ ನಂಬಿಕೆಯಲ್ಲಿ ಸತ್ಯವೆಷ್ಟು, ಅಭ್ಯಾಸಬಲವೆಷ್ಟು ಎಂಬುದನ್ನು ಒರೆಗಲ್ಲಿಗೆ ಹಚ್ಚಿಯೇ ತಿಳಿಯಬೇಕು. ಕರುಣೆಯೊಂದೇ ರೋಗವನ್ನು ಗುಣಪಡಿಸದು. ಕರುಣೆಗೆ ಪರೀಕ್ಷಿಸಿ ನೋಡುವ ಧೈರ್ಯವೂ ಕೂಡಬೇಕು.

ಶಬ್ದಾರ್ಥ
ಆರೋಗ್ಯಧಾಮ - ಕ್ಷಯರೋಗಿಗಳು ತಂಗಿ ಚಿಕಿತ್ಸೆ ಪಡೆಯುವ ಸ್ಥಳ
ಶಮನ - ಅಡಗುವುದು
ಒರೆಗಲ್ಲು - ಚಿನ್ನವನ್ನು ಉಜ್ಜಿ ಪರೀಕ್ಷಿಸುವ ಕಲ್ಲು

ಪ್ರಶ್ನೆಗಳು
1. ರೋಗಿಗಳನ್ನು ವೈದ್ಯರೇ ಆರಿಸಿ ಗುಂಪು ಮಾಡಿದ್ದರೆ ಏನಾಗುತ್ತಿತ್ತು?
2. ಮನೆಯವರಿಗೆ ಹೆಚ್ಚಿನ ಅಪಾಯವಾಗದಿರಲು ಕಾರಣವೇನು?
3. ‘ಕರುಣೆಯೊಂದೇ ರೋಗವನ್ನು ಗುಣಪಡಿಸದು.’ ಈ ಮಾತನ್ನು ವಿವರಿಸಿರಿ.