ಹೊಟ್ಟೆಯ ತ್ರಾಸಿಗೆ ಮಾತಿನ ಚಿಕಿತ್ಸೆಯೇ?

ಪ್ರಶ್ನೆ: ಕಮಲಾಪುರದಿಂದ ದಿನಾ ಕಲಬುರಗಿಗೆ ಕೆಲಸಕ್ಕೆ ಹೋಗುತ್ತೇನೆ. ಬಸ್ಸಿನ ಹೊತ್ತಿಗೆ ಸರಿಯಾಗಿ ಹೊಟ್ಟೆ ನುಲಿಯುತ್ತದೆ, ಸಂಡಾಸಿಗೆ ಓಡಬೇಕು. ತೊಗರಿಬೇಳೆ ಬಿಟ್ಟೆ, ನಮ್ಮೂರಿನ ಕೆಂಪು ಬಾಳೆಹಣ್ಣೂ ಬಿಟ್ಟೆ. ಪರೀಕ್ಷೆಗಳೆಲ್ಲ ನಾರ್ಮಲ್. ಐಬಿಎಸ್ (ಕರುಳು ಕೆರಳುವ ತೊಂದರೆ) ಎಂದ ಡಾಕ್ಟರು ಈಗ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಮಾಡಿಸಿಕೊಳ್ಳಿ ಅಂತಾರೆ. ನನಗೇನು ಹುಚ್ಚೇ?

ಉತ್ತರ: ಹುಚ್ಚಲ್ಲ. ನೋವೂ ಸುಳ್ಳಲ್ಲ. ಕರುಳಿನ ಗೋಡೆಯಲ್ಲೇ ಹತ್ತಾರು ಕೋಟಿ ನರಕೋಶಗಳಿವೆ. ಅವಕ್ಕೂ ಮಿದುಳಿಗೂ ಸದಾ ಮಾತುಕತೆ. ಐಬಿಎಸ್‌ನಲ್ಲಿ ಕರುಳು ಅತಿಸೂಕ್ಷ್ಮವಾಗುತ್ತದೆ, ಗಾಬರಿಯಾದರೆ ಅದರ ಚಲನೆ ಇನ್ನೂ ಜೋರಾಗುತ್ತದೆ. ಕರುಳಿನೊಳಗೆ ನೋಡುವ ಸ್ಕೋಪಿಯಲ್ಲಿ ಇದು ಕಾಣುವುದಿಲ್ಲ.

ಬೇಳೆ, ಉಳ್ಳಾಗಡ್ಡಿಗಳಿಂದ ವಾಯು ಆಗುವುದು ನಿಜ. ಆದರೆ ಬೇಳೆ ಬಿಡುವ ಮುಂಚೆ, ಭಾನುವಾರ ಅದೇ ಬೇಳೆ ಉಂಡು ಮನೆಯಲ್ಲಿದ್ದಾಗ ಹೊಟ್ಟೆ ಸುಮ್ಮನಿರುತ್ತಿತ್ತೇ? ಹಾಗಿದ್ದರೆ ತಪ್ಪು ಬೇಳೆಯದಷ್ಟೇ ಅಲ್ಲ. ‘ದಾರಿಯಲ್ಲಿ ಮಹಾಗಾಂವ ದಾಟುವುದರೊಳಗೆ ಮಾನ ಹೋದರೆ?’ ಎಂಬ ದಿಗಿಲು ಕರುಳನ್ನು ಕೆರಳಿಸುತ್ತದೆ, ಕೆರಳಿದ ಕರುಳು ದಿಗಿಲು ಹೆಚ್ಚಿಸುತ್ತದೆ. ಸಿಬಿಟಿ ಕೈಹಾಕುವುದು ಈ ಸುಳಿಗೆ. ಏನು ಉಂಡಿರಿ, ಏನು ಯೋಚನೆ ಬಂತು, ಕೊನೆಗೆ ಏನಾಯಿತು ಎಂದು ದಿನಾ ಬರೆದಿಡಿಸುತ್ತಾರೆ. ಅಂದುಕೊಂಡ ಅನಾಹುತ ನಿಜಕ್ಕೂ ಎಷ್ಟು ಸಲ ಆಯಿತೆಂದು ಆ ಪುಸ್ತಕವೇ ಹೇಳುತ್ತದೆ. ಮುಂದೆ, ಉಪವಾಸ ಹೊರಡುವುದು, ಬಾಗಿಲ ಪಕ್ಕದ ಸೀಟೇ ಬೇಕೆನ್ನುವುದು, ‘ಯಾವುದಕ್ಕೂ ಇರಲಿ’ ಎಂದು ಮತ್ತೊಮ್ಮೆ ಸಂಡಾಸಿಗೆ ಹೋಗುವುದು, ಇಂಥ ರೂಢಿಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಆ ರೂಢಿಗಳಿಲ್ಲದೆ ಬಸ್ಸಿನಲ್ಲಿ ಮೊದಲು ರಜೆಯ ದಿನ ಹತ್ತಿರದ ಸ್ಟಾಪಿನವರೆಗೆ ಹೋಗುವುದು, ಆಮೇಲೆ ಕಲಬುರಗಿಯವರೆಗೆ. ಕಷ್ಟವಿರುವುದೇ ಇಲ್ಲಿ. ಈ ಅಭ್ಯಾಸ ಮಾಡಿಸದೆ ಬರೀ ಸಮಾಧಾನ ಹೇಳಿ ಕಳಿಸುವ ಕೌನ್ಸೆಲಿಂಗನ್ನು ನಾನು ಸಿಬಿಟಿ ಎನ್ನಲಾರೆ.

ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಔಷಧಿಗೆ ಬಗ್ಗದ 558 ಐಬಿಎಸ್ ರೋಗಿಗಳ ಮೇಲೆ ಅಧ್ಯಯನ ನಡೆಯಿತು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಫೋನಿನಲ್ಲಿ ಒಟ್ಟು ಎಂಟು ಗಂಟೆ ಸಿಬಿಟಿ ಪಡೆದವರು, ಮಾಮೂಲಿ ಚಿಕಿತ್ಸೆಯವರಿಗಿಂತ ಚೆನ್ನಾಗಿ ಸುಧಾರಿಸಿದರು. ರೋಗ ಬುಡಸಮೇತ ಹೋಗಲಿಲ್ಲ, ಬಾಧೆ ತಗ್ಗಿತು. ಫೋನಿನಲ್ಲೂ ನಡೆದೀತೆಂಬುದು ಕಮಲಾಪುರದವರಿಗೆ ಒಳ್ಳೆಯ ಸುದ್ದಿಯೇ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಮಾತ್ರ ಮೊದಲು ಹೊಟ್ಟೆಯ ಡಾಕ್ಟರನ್ನೇ ಮತ್ತೆ ನೋಡಿ. ಇಲ್ಲವಾದರೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಸಿಬಿಟಿ ಬಗ್ಗೆ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೆ ಹೋಗುವಾಗ ಮೇಲೆ ಹೇಳಿದಂಥ ಎರಡು ವಾರದ ಬರವಣಿಗೆ ಜೊತೆಗಿರಲಿ, ಭಾನುವಾರಗಳನ್ನೂ ಸೇರಿಸಿ.